ಹೊನ್ನಾಳಿಯ ಕಪಾಟಿನಲ್ಲಿ ನ್ಯಾಮತಿ

ನ್ಯಾಮತಿಯ ಚರಿತ್ರೆ ಹುಡುಕಹೊರಟವರು ಮೊದಲು ನ್ಯಾಮತಿ ಎಂಬ ಹೆಸರನ್ನೇ ಪಕ್ಕಕ್ಕಿಡಬೇಕು. ಗ್ರಂಥಾಲಯದಲ್ಲಾಗಲಿ ಪತ್ರಾಗಾರದಲ್ಲಾಗಲಿ ಆ ಹೆಸರಿನ ಕಪಾಟು ಸಿಗುವುದು ಕಷ್ಟ. ಊರು ತಾಲ್ಲೂಕಾದದ್ದು 2018ರಲ್ಲಿ. ಅದಕ್ಕೆ ಮುಂಚೆ ಹೊನ್ನಾಳಿಯ ಒಂದು ಹೋಬಳಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವ ತನಕ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗದವು, ಜಗಳೂರು ಚಿತ್ರದುರ್ಗದ್ದು. ಹೊಸ ಜಿಲ್ಲೆ ಮಾಡಿದ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ತಮ್ಮ ತಾಲ್ಲೂಕನ್ನೇ ಹಳೆಯ ಜಿಲ್ಲೆಯಿಂದ ಬಿಡಿಸಿಕೊಂಡು ಬಂದರು. ಕಚೇರಿಯ ಬೋರ್ಡನ್ನು ಒಂದು ದಿನದಲ್ಲಿ ಬದಲಿಸಬಹುದು. ಕಾಗದಪತ್ರ ಮಾತ್ರ ಗಂಟು ಕಟ್ಟಿದ ಕಾಲದ ಹೆಸರನ್ನೇ ಹೊತ್ತು ಕೂತಿರುತ್ತದೆ.

ಬೆಳಗುತ್ತಿಯನ್ನೇ ನೋಡಿ. ನ್ಯಾಮತಿಗೆ ಹತ್ತಿರದ ಈ ಊರು, ನಾಗವಂಶದವರೆಂದು ಹೇಳಿಕೊಂಡ ಸಿಂದ ಅರಸರ ರಾಜಧಾನಿ. ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ಅವರು ಆಳಿದ ನೆಲದ ಶಾಸನಗಳು ಸಿಗುವುದು ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ, ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕು ಎಂಬ ತಲೆಬರಹದ ಕೆಳಗೆ. ಜಗಳೂರಿನವರು ಹನ್ನೊಂದನೇ ಸಂಪುಟ ತೆಗೆಯಬೇಕು. ಒಂದೇ ಜಿಲ್ಲೆಯ ತಾಲ್ಲೂಕುಗಳು ಕಪಾಟಿನಲ್ಲಿ ಒಂದಕ್ಕೊಂದು ಮುಖ ನೋಡುವುದಿಲ್ಲ.

ಆದರೆ ತಲೆಬರಹದ ತೊಡಕು ಸಣ್ಣದು, ಅಭ್ಯಾಸವಾದರೆ ದಾಟಬಹುದು. ದೊಡ್ಡ ತೊಡಕು, ಆ ಕಾಗದಗಳನ್ನು ಬರೆದವರು ಯಾರು, ಯಾಕೆ ಬರೆದರು ಎಂಬುದು. ಇದಕ್ಕೆ ಚಿನ್ನಿಕಟ್ಟೆಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

1830ರಲ್ಲಿ, ಹಿಂದೆ ಕೆಳದಿ ಅರಸರು ಆಳಿದ್ದ ನಗರ ಸೀಮೆಯ ರೈತರು ಮೈಸೂರು ಸರ್ಕಾರದ ವಿರುದ್ಧ ಎದ್ದರು. ಕಂದಾಯ ಏರಿತ್ತು, ಇಷ್ಟು ಹಣ ಕೂಡಿಸಿಯೇ ಕೊಡುತ್ತೇನೆಂದು ಅಮಲ್ದಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಶರ್ತಿನ ಪದ್ಧತಿ ರೈತನ ಕುತ್ತಿಗೆಗೆ ಬಂದಿತ್ತು. ಈಗಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಕಡೆ ರೈತರು ಕೂಟ ಸೇರಿದರು. ಕೂಟ ಎನ್ನುವುದೇ ಆ ದಂಗೆಯ ಹೆಸರಾಯಿತು. ಅವರಿಗೆ ಮುಂದಾಳಾಗಿ ಬಂದವನು ಬೂದಿ ಬಸವಪ್ಪ. ತಾನು ಹೈದರಾಲಿ ಕಿತ್ತುಹಾಕಿದ ಕೆಳದಿ ಅರಸು ಮನೆತನದವನು, ನಗರದ ಗಾದಿ ತನ್ನದು ಎಂದ. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವುದು ಬೇರೆಯದೇ ಕಥೆ: ಇವನ ನಿಜವಾದ ಹೆಸರು ಸದರ ಮಲ್ಲ, ಹುಟ್ಟಿದ್ದು ಚಿನ್ನಿಕಟ್ಟೆಯಲ್ಲಿ, ಬೇಸಾಯಗಾರನ ಮಗ. ಹರೆಯದಲ್ಲಿ ದರೋಡೆ ಮಾಡಿಕೊಂಡಿದ್ದು, ಆಮೇಲೆ ನಗರದ ಮನೆತನಕ್ಕೆ ಗುರುವಾಗಿದ್ದ ಒಬ್ಬ ಜಂಗಮರ ಸೇವೆಗೆ ಸೇರಿ, ಅವರು ತೀರಿಕೊಂಡಾಗ ಅವರ ಬಳಿಯಿದ್ದ ಹಳೆಯ ಅರಸರ ಮುದ್ರೆಗಳನ್ನು ಕೈಮಾಡಿಕೊಂಡ.

ಚಿನ್ನಿಕಟ್ಟೆ ನ್ಯಾಮತಿ ಸೀಮೆಯ ಹಳ್ಳಿ. ರಾಜ್ಯವನ್ನೇ ಅಲ್ಲಾಡಿಸಿದ ದಂಗೆಯ ನಾಯಕ ಅಲ್ಲಿಯವನು ಎಂದು ಅಚ್ಚಾದ ಪುಸ್ತಕವೇ ಹೇಳುತ್ತಿರುವಾಗ, ಅದನ್ನು ಓದುವ ಬಗೆ ಹೇಗೆ? ವಂಚಕ ಎಂದು ಪಕ್ಕಕ್ಕೆ ಸರಿಸಿದರೆ ಕೆಲಸ ಸುಲಭ. ಆದರೆ ಸಾವಿರಾರು ರೈತರು ಬರಿಯ ಒಂದು ಮುದ್ರೆ ಕಂಡು ಮರುಳಾದರು ಎಂದು ನಂಬಲು ನನಗೆ ಮನಸ್ಸಿಲ್ಲ. ಒಗ್ಗೂಡಲು ಅವರಿಗೊಂದು ಹೆಸರು ಬೇಕಿತ್ತು. ಹಳೆಯ ದೊರೆಯ ಮುದ್ರೆ ಬಿದ್ದ ಕಾಗದದ ಮುಂದೆ ಹೊಸ ಅಮಲ್ದಾರನ ಹುಕುಂ ಸಣ್ಣದಾಗಿ ಕಂಡಿರಬೇಕು.

ಇನ್ನು ಗೆಜೆಟಿಯರಿನ ಮಾತು ಎಲ್ಲಿಂದ ಬಂತು? 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತು. ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಇದ್ದ ಸಮಿತಿ ದಂಗೆಯ ಕಾರಣ ವಿಚಾರಿಸಿ 1833ರಲ್ಲಿ ವರದಿ ಕೊಟ್ಟಿತು. ರಾಜರ ಆಡಳಿತ ಕೆಟ್ಟಿತ್ತು ಎಂಬುದು ಅದರ ಸಾರ. ರಾಜ್ಯ ಆಗಲೇ ಕೈಗೆ ಬಂದಿದ್ದವರಿಗೆ ಒಪ್ಪುವ ತೀರ್ಮಾನ. ರೈತನ ದೂರಿಗೆ ಕನಿಕರ, ರೈತನ ಮುಂದಾಳಿಗೆ ವಂಚಕನೆಂಬ ಪಟ್ಟ. ಎರಡೂ ಒಂದೇ ಕಾಲದ ಸರ್ಕಾರಿ ಬರಹದಿಂದ ಬಂದವು. ಸದರ ಮಲ್ಲನ ಮುದ್ರೆಯನ್ನು ಎಷ್ಟು ಅನುಮಾನದಿಂದ ನೋಡುತ್ತೇವೋ ಸಮಿತಿಯ ಮುದ್ರೆಯನ್ನೂ ಅಷ್ಟೇ ಅನುಮಾನದಿಂದ ನೋಡಬೇಕಲ್ಲವೆ?

ಕೆಳದಿ ಅರಸರ ಹೆಸರನ್ನು ಆಮೇಲೆ ಹೊತ್ತುಕೊಂಡವನು ಬಸವಪ್ಪನೊಬ್ಬನೇ ಅಲ್ಲ. ಶಿವಮೊಗ್ಗದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇರುವ ಮನೆಯನ್ನು ಜನ ಶಿವಪ್ಪನಾಯಕನ ಅರಮನೆ ಎನ್ನುತ್ತಾರೆ. ಕೆಳದಿಯ ಅರಸ ಶಿವಪ್ಪನಾಯಕ ಹದಿನೇಳನೇ ಶತಮಾನದವನು, ಕಟ್ಟಡ ಹದಿನೆಂಟನೇ ಶತಮಾನದ ಹೈದರನ ಕಾಲದ್ದೆಂದು ಬಲ್ಲವರ ಮಾತು. ಅಂಗಳದಲ್ಲಿ ಸುತ್ತಲಿನ ಹಳ್ಳಿಗಳಿಂದ ತಂದ ವೀರಗಲ್ಲುಗಳಿವೆ. ಅಲ್ಲಿ ಅವು ಕಳೆದುಹೋಗದೆ ಉಳಿದವು, ನಿಜ. ಯಾವ ಕೆರೆಯ ಏರಿಗೆ, ಯಾವ ತುರುಗಾಳಗಕ್ಕೆ ಸೇರಿದ ಕಲ್ಲು ಎಂಬುದು ಮಾತ್ರ ಕಲ್ಲಿನ ಜೊತೆ ಲಾರಿ ಹತ್ತಲಿಲ್ಲ.

ಹಾಗಾದರೆ ಊರಿನ ಕಡೆಯ ಸಾಕ್ಷಿ ಎಲ್ಲಿದೆ? ನ್ಯಾಮತಿ ವ್ಯಾಪಾರದ ಊರು, ಮಲೆನಾಡಿನ ಅಡಿಕೆ ಮೆಣಸಿಗೂ ಬಯಲುಸೀಮೆಯ ಕಾಳುಕಡಿಗೂ ಸಂಧಿಸ್ಥಳ. ರಸ್ತೆ ಇಲ್ಲದ ಕಾಲದಲ್ಲಿ ಎತ್ತಿನ ಬೆನ್ನಿನ ಮೇಲೆ ಉಪ್ಪು, ಧಾನ್ಯ ಸಾಗಿಸಿದವರು ಲಂಬಾಣಿಗಳು. ಅವರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂದು ಸಮುದಾಯ ನಂಬುತ್ತದೆ. ಸೇವಾಲಾಲರ ಚರಿತ್ರೆಯನ್ನು ತಾಂಡಾಗಳು ಹಾಡಿನಲ್ಲಿ ಕಾಪಾಡಿಕೊಂಡು ಬಂದವು, ಯಾವ ದಫ್ತರದ ಹಂಗೂ ಇಲ್ಲದೆ. ವ್ಯಾಪಾರಿ ಮನೆಗಳ ಕಿರ್ದಿ, ಖಾತೆ ಪುಸ್ತಕಗಳ ಕಥೆ ಬೇರೆ. ದೀಪಾವಳಿಗೆ ಹೊಸದಕ್ಕೆ ಪೂಜೆ, ಹಳೆಯದಕ್ಕೆ ಅಟ್ಟ, ಮನೆ ಕೆಡವುವಾಗ ಗುಜರಿ. ಶಾನುಭೋಗರ ಮನೆಗಳದ್ದೂ ಅದೇ ಗತಿ: 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಅಧಿಕಾರಗಳನ್ನು ತೆಗೆದಾಗ ಚಾಲ್ತಿ ಲೆಕ್ಕ ಸರ್ಕಾರಕ್ಕೆ ಹೋಯಿತು, ಹಳೆಯ ಗಂಟುಗಳಲ್ಲಿ ಎಷ್ಟೋ ಮನೆಯಲ್ಲೇ ಉಳಿದವು.

ಮನೆಗಳಿಂದಲೇ ಒಂದು ಸಂಗ್ರಹ ಕಟ್ಟಬಹುದು ಎಂದು ತೋರಿಸಿದವರು ಕೆಳದಿ ಗುಂಡಾಜೋಯಿಸರು. 2022ರಲ್ಲಿ ತೀರಿಕೊಂಡ ಅವರು ಮೋಡಿ, ತಿಗಳಾರಿ ಲಿಪಿಗಳನ್ನು ಓದಬಲ್ಲವರಾಗಿದ್ದರು; ತಾಳೆಗರಿ, ಕಡತ, ಹಳೆಯ ಪತ್ರಗಳನ್ನು ಕೂಡಿಸಿ ಕೆಳದಿಯಲ್ಲಿ ನಿಲ್ಲಿಸಿದ ವಸ್ತುಸಂಗ್ರಹಾಲಯ ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಅವರಂಥವರು ಪ್ರತಿ ತಾಲ್ಲೂಕಿಗೆ ಸಿಗುವುದಿಲ್ಲ. ಆದ್ದರಿಂದ ನ್ಯಾಮತಿಗೆ ಮೊದಲೇ ಮ್ಯೂಸಿಯಂ ಕಟ್ಟಡ ಕೇಳುವುದರಲ್ಲಿ ನನಗೆ ಉತ್ಸಾಹವಿಲ್ಲ. ಕಟ್ಟಡ ಎದ್ದರೆ ಅದಕ್ಕೊಬ್ಬ ಕಾವಲುಗಾರ, ಒಂದು ಬೀಗ, ಉದ್ಘಾಟನೆಯ ಕಲ್ಲು. ಬೇಕಾಗಿರುವುದು ಒಂದು ಪಟ್ಟಿ: ಯಾವ ಮನೆಯಲ್ಲಿ ಏನಿದೆ, ಯಾವ ಕಾಲದ್ದು, ಯಾವ ಲಿಪಿಯದ್ದು. ಕಾಗದ ಮನೆಯಲ್ಲೇ ಇರಲಿ, ಫೋಟೊ ಹೊರಗೆ ಬಂದರೆ ಸಾಕು. ಕಾಲೇಜಿನ ಇತಿಹಾಸ ವಿಭಾಗ, ಒಂದಿಷ್ಟು ಮೊಬೈಲು ಫೋನು, ಊರಿಗೆ ಪರಿಚಯವಿರುವ ಒಬ್ಬ ಹಿರಿಯರು ಇದ್ದರೆ ಕೆಲಸ ಶುರುವಾಗುತ್ತದೆ.

ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಿಂದ ನಡೆಯುತ್ತಿದೆ. ಅಟ್ಟದ ಪೆಟ್ಟಿಗೆ ಅದರ ಲೆಕ್ಕಕ್ಕಿಲ್ಲ. ಪೆಟ್ಟಿಗೆ ತೆರೆಯಲು ಮನೆಯವರು ಹಿಂಜರಿಯುವುದಕ್ಕೂ ಕಾರಣವಿದೆ. ಹಳೆಯ ಜಮೀನು ಪತ್ರ ಹೊರಬಿದ್ದರೆ ಯಾವ ದಾಯಾದಿ ಯಾವ ಕೋರ್ಟು ಹತ್ತುತ್ತಾನೋ ಎಂಬ ಭಯ. ಹಾಗಾಗಿ ಪಟ್ಟಿ ಮಾಡುವವರು ಜಮೀನಿನ ಸುದ್ದಿ ಎತ್ತದೆ ಅಂಗಡಿಯ ಕಿರ್ದಿಯಿಂದ ಶುರು ಮಾಡುವುದು ವಾಸಿ. ಅಜ್ಜನ ಕಾಲದಲ್ಲಿ ಅಡಿಕೆ ಎಷ್ಟಕ್ಕೆ ಮಾರಿತ್ತು ಎಂದು ಕೇಳಿದರೆ ಯಾವ ಮನೆಯವರೂ ಬಾಗಿಲು ಹಾಕಿಕೊಳ್ಳುವುದಿಲ್ಲ.