ಸಾಕುಪ್ರಾಣಿಯ ಹಲ್ಲುನೋವಿಗೆ ಯಾರಲ್ಲಿಗೆ ಹೋಗಬೇಕು?

ಶಿವರಾತ್ರಿಯ ವೇಳೆಗೆ ಸಿದ್ಧಗಂಗೆಯಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನು ಮೊದಲು ಅದರ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ಅರಿತ ಬಳಿಕವೇ ವ್ಯಾಪಾರದ ಮಾತು. ಅದೇ ರೈತನ ಮನೆ ಕಾಯುವ ನಾಯಿಯ ಬಾಯಿಯನ್ನು ಮಾತ್ರ ಹತ್ತು ವರ್ಷವಾದರೂ ಯಾರೂ ತೆರೆದು ನೋಡಿರುವುದಿಲ್ಲ. ಬೆಲೆ ಕಟ್ಟಲು ಹಲ್ಲು ನೋಡುವ ನಾವು ನೋವು ತಿಳಿಯಲು ನೋಡುವುದಿಲ್ಲ.

ಪರರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಗುಬ್ಬಿಯ ನಮ್ಮ ಮನೆಯ ನಾಯಿಗೆ ಒಂಬತ್ತನೆಯ ವಯಸ್ಸಿನಲ್ಲಿ ಬಾಯಿಯಿಂದ ದುರ್ವಾಸನೆ ಬರತೊಡಗಿತು. ನಾನೇ ವೈದ್ಯನೆಂಬ ಭರವಸೆಯಿಂದ ತ್ರಿಫಲಾ ಕಷಾಯದಲ್ಲಿ ಅದರ ಒಸಡು ಒರೆಸುತ್ತ ನಾಲ್ಕು ತಿಂಗಳು ಕಳೆದೆ. ಅದು ರೊಟ್ಟಿಯನ್ನು ಒಂದೇ ಪಕ್ಕದಲ್ಲಿ ಅಗಿಯುತ್ತಿದೆಯೆಂದು ಪತ್ನಿ ಹೇಳಿದಾಗಲೂ ವಯಸ್ಸಾಯಿತೆಂದು ಸುಮ್ಮನಾದೆ. ಕೊನೆಗೆ ಕಣ್ಣಿನ ಕೆಳಗೆ ಬಾವು ಬಂದು ಒಡೆಯಿತು. ಪಶುವೈದ್ಯರು ಪರೀಕ್ಷಿಸಿ, ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವು ತುಂಬಿರುವುದನ್ನು ತೋರಿಸಿದರು. ಹಲ್ಲು ತೆಗೆದ ಕೆಲವೇ ದಿನಗಳಲ್ಲಿ ಅದು ಮತ್ತೆ ಅಂಗಳದಲ್ಲಿ ಓಡಾಡಿತು. ನಾನು ಮುಪ್ಪೆಂದು ತಿಳಿದದ್ದು ನೋವಾಗಿತ್ತು.

ನಾಯಿಗೆ 42 ಶಾಶ್ವತ ಹಲ್ಲುಗಳು, ಬೆಕ್ಕಿಗೆ 30. ಹಲ್ಲಿನ ಮೇಲೆ ಕೂಡುವ ಸೂಕ್ಷ್ಮಾಣುಗಳ ಅಂಟು ಪದರವು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಗಾರೆಯಂತಾಗುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಮೇಲಿನ ಹಳದಿ ಬಣ್ಣವಷ್ಟೆ. ರೋಗವು ಒಸಡಿನ ಅಡಿಯಲ್ಲಿ, ಬೇರಿನ ಸುತ್ತ ಬೆಳೆಯುತ್ತದೆ. ಆದ್ದರಿಂದ ಎಚ್ಚರವಿರುವ ನಾಯಿಯನ್ನು ಹಿಡಿದು ಹಲ್ಲು ಕೆರೆದು ಬಿಳುಪು ಮಾಡುವುದು ಗೋಡೆಗೆ ಸುಣ್ಣ ಬಳಿದಂತೆ. ಒಳಗಿನ ಶಿಥಿಲತೆ ಹಾಗೆಯೇ ಉಳಿಯುತ್ತದೆ.

ಇಂದಿಗೂ ಕೆಲವು ಭಕ್ತರು ನಾಯಿ ಬೆಕ್ಕುಗಳ ಬಾಯಿರೋಗಕ್ಕೆ ಚೂರ್ಣ ಕೇಳಿಕೊಂಡು ನನ್ನಲ್ಲಿಗೆ ಬರುತ್ತಾರೆ. ನಾನು ಕೊಡುವುದಿಲ್ಲ. ನಮ್ಮ ಪ್ರಾಚೀನರೇ ಈ ಎರಡು ವಿದ್ಯೆಗಳನ್ನು ಬೇರೆಯಾಗಿಟ್ಟಿದ್ದರು. ಅಶ್ವಚಿಕಿತ್ಸೆಗೆ ಶಾಲಿಹೋತ್ರ, ಗಜಚಿಕಿತ್ಸೆಗೆ ಪಾಲಕಾಪ್ಯ. ಕನ್ನಡದಲ್ಲಿಯೂ 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು 'ಗೋವೈದ್ಯ'ವನ್ನು ಪ್ರತ್ಯೇಕವಾಗಿಯೇ ರಚಿಸಿದನು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಆಶಯವೂ ಇದೇ: ಪಶುಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ಮನುಷ್ಯರ ದಂತವೈದ್ಯರಾಗಲಿ, ನನ್ನಂತಹ ಆಯುರ್ವೇದ ವೈದ್ಯರಾಗಲಿ ಅದಕ್ಕೆ ಕೈಹಾಕಬಾರದು.

ಹಾಗಾದರೆ ಆಯ್ಕೆ ಹೇಗೆ? ಮನೆಗೆ ಹತ್ತಿರ, ಖರ್ಚು ಕಡಿಮೆ ಎಂಬ ಎರಡೇ ಅಳತೆ ಸಾಲದು. ನಮ್ಮ ರೋಗಿ ಮಾತನಾಡಲಾರದು. ಅದರ ಪರವಾಗಿ ಪ್ರಶ್ನೆ ಕೇಳುವುದು ನಮ್ಮ ಹೊಣೆ. ವೈದ್ಯರು ಪಶುವೈದ್ಯಕೀಯ ಪದವೀಧರರೇ, ಪರಿಷತ್ತಿನಲ್ಲಿ ನೋಂದಾಯಿತರೇ? ನಾಯಿ ಬೆಕ್ಕುಗಳ ಹಲ್ಲಿನ ಚಿಕಿತ್ಸೆಯನ್ನು ರೂಢಿಯಾಗಿ ಮಾಡುವರೇ? ಅರಿವಳಿಕೆಗೆ ಮುನ್ನ ರಕ್ತಪರೀಕ್ಷೆ ಮಾಡುವರೇ, ಆ ವೇಳೆ ಉಸಿರು ನಾಡಿಗಳನ್ನು ಗಮನಿಸಲು ಬೇರೊಬ್ಬರು ಇರುವರೇ? ಹಲ್ಲಿನ ಬೇರನ್ನು ನೋಡಲು ಎಕ್ಸ್‌ರೇ ಸೌಲಭ್ಯವಿದೆಯೇ? ಹಲ್ಲು ತೆಗೆದ ಮೇಲೆ ನೋವಿಗೆ ಏನು ಕೊಡುವರು, ಒಟ್ಟು ವೆಚ್ಚವೆಷ್ಟು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. "ಇದು ನನ್ನಲ್ಲಿ ಆಗದು, ಇಂಥಲ್ಲಿಗೆ ಹೋಗಿ" ಎನ್ನುವವರನ್ನು ಇನ್ನೂ ಹೆಚ್ಚು ನಂಬಬಹುದು. ನಾಲ್ಕು ತಿಂಗಳು ಆ ಮಾತನ್ನು ನಾನು ಹೇಳಿಕೊಳ್ಳಲಿಲ್ಲವೆಂಬುದೇ ನನ್ನ ತಪ್ಪು.

ಗುಬ್ಬಿ, ಕುಣಿಗಲ್ ಕಡೆಯವರು ಮೊದಲು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಲಿ. ದನಕರು, ಕುರಿಮೇಕೆಗಳ ಹೊರೆಯ ನಡುವೆಯೂ ಅಲ್ಲಿನ ವೈದ್ಯರು ಬಾಯಿ ನೋಡಿ ದಾರಿ ಹೇಳಬಲ್ಲರು. ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನವರಿಗೆ ಕುದುರೆಯ ಹಲ್ಲಿನ ಚೂಪು ಅಂಚುಗಳನ್ನು ಉಜ್ಜಿ ಸರಿಪಡಿಸುವುದು ಹೊಸತಲ್ಲ. ಆದರೆ ಬೆಕ್ಕಿನ ಪುಟ್ಟ ಬಾಯಿಗೆ ಬೇಕಾದ ಕೈಚಳಕವೇ ಬೇರೆ. ತುಮಕೂರಿನಲ್ಲಿ ವಿಚಾರಿಸಿಯೂ ಮೇಲಿನ ಸೌಲಭ್ಯಗಳು ದೊರೆಯದಿದ್ದರೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಒಂದು ದಿನದ ಪ್ರಯಾಣ ತಿಂಗಳುಗಳ ನೋವಿಗಿಂತ ದೊಡ್ಡದಲ್ಲ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ನಮ್ಮ ಟೂತ್‌ಪೇಸ್ಟನ್ನು ನಾಯಿಗೆ ಬಳಸಬೇಡಿ; ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ಅದಕ್ಕೆ ವಿಷ. ನೋವೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಲವಂಗದ ಎಣ್ಣೆಯೂ ಬೆಕ್ಕಿಗೆ ಒಗ್ಗದು. ಪ್ರಾಣಿಗಳಿಗೆಂದೇ ಇರುವ ಪೇಸ್ಟು, ಮೃದುವಾದ ಬ್ರಷ್ಷು, ಎಳೆಯ ವಯಸ್ಸಿನಿಂದ ಅಭ್ಯಾಸ, ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಇವಿಷ್ಟು ಸಾಕು.

"ನಾಯಿಗೂ ಹಲ್ಲಿನ ಡಾಕ್ಟರೇ?" ಎಂದು ನಗುವವರಿದ್ದಾರೆ. ಮನೆ ಕಾಯಲು ಅದರ ಹಲ್ಲು ಬೇಕೆನ್ನುವವರು ಆ ಹಲ್ಲಿನ ಹೊಣೆಯನ್ನೂ ಹೊರಬೇಕು. ಸಕಲ ಜೀವಿಗಳಲ್ಲಿ ದಯೆಯೆಂಬುದು ನಮ್ಮ ಅಂಗಳದಿಂದಲೇ ಆರಂಭವಾಗಲಿ. ಇಂದು ಸಂಜೆ ನಿಮ್ಮ ನಾಯಿಗೆ ಅನ್ನವಿಡುವ ಮುನ್ನ ಮೆಲ್ಲನೆ ಅದರ ತುಟಿ ಎತ್ತಿ ನೋಡಿ. ಒಸಡು ಕೆಂಪೇರಿದ್ದರೆ, ವಾಸನೆಯಿದ್ದರೆ, ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರೆ ಕಣ್ಣಿನ ಕೆಳಗೆ ಬಾವು ಬರುವವರೆಗೆ ನನ್ನಂತೆ ಕಾಯಬೇಡಿ.