ಬೀಜ ಹುಟ್ಟಲಿಲ್ಲ ಅಂದರೆ ಅಪರಾಧವೇ?

ಹೋದ ವರ್ಷದ ಮುಂಗಾರಿನ ಮಾತು. ಪೇಟೆಯ ಅಂಗಡಿಯಿಂದ ತಂದ ಸೂರ್ಯಕಾಂತಿ ಬೀಜವನ್ನು ಎರಡು ಎಕರೆಗೆ ಬಿತ್ತಿದೆ. ಹದ ಚೆನ್ನಾಗಿತ್ತು. ಬದುವಿನಾಚೆ ಅದೇ ದಿನ ಬೇರೆ ಬೀಜ ಬಿತ್ತಿದ ತಮ್ಮನ ಹೊಲದಲ್ಲಿ ಸಾಲು ಹಿಡಿದು ಪೈರು ಎದ್ದಿತು. ನನ್ನದರಲ್ಲಿ ಹತ್ತು ಕಾಳಿಗೆ ನಾಲ್ಕೂ ಮೇಲೇಳಲಿಲ್ಲ. ಇದನ್ನೇ ಫೋಟೋ ಸಮೇತ ಊರಿನವರ ವಾಟ್ಸಾಪಿಗೆ ಹಾಕಿದೆ. ಸಂಜೆಯೊಳಗೆ ಅಂಗಡಿಯವರ ಫೋನು: “ಯಜಮಾನ್ರೇ, ಅಳಿಸ್ತೀರೋ, ಮಾನನಷ್ಟ ಕೇಸು ಹಾಕ್ಲೋ?” ಹೆದರಿ ಅಳಿಸಿದೆ. ವಾರದೊಳಗೆ ಅದೇ ಬೀಜವನ್ನು ಊರಿನ ಇನ್ನೂ ಮೂವರು ತಂದು ಬಿತ್ತಿದರು. ಅವರ ಮುಖ ನೋಡಲು ಈಗಲೂ ನನಗೆ ಆಗುತ್ತಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ವಕೀಲಿಕೆ ಮಾಡುವ ಸೋದರಳಿಯನನ್ನು ಕೂರಿಸಿಕೊಂಡು ಕಾನೂನು ಓದಿಸಿದೆ. ಮಾನಹಾನಿಗೆ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಜೆ ಆಗಬಹುದು, ನಿಜ. ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಇನ್ನೊಬ್ಬರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಮಾನಹಾನಿಯಲ್ಲ ಅಂತ ಅದೇ ಕಲಮಿನಲ್ಲಿದೆ. ಇದನ್ನು ಅಂಗಡಿಯವರು ಫೋನಿನಲ್ಲಿ ಹೇಳಲಿಲ್ಲ ನೋಡಿ!

ಈ ರಕ್ಷಣೆಯೂ ಸಿಗುವುದು ಕೇಸು ಬಿದ್ದ ಮೇಲೆ. ಹೇಳಿದ್ದು ಸತ್ಯ ಅಂತ ತೋರಿಸುವ ಹೊರೆ ನಮ್ಮದೇ. ಕಳೆ ತೆಗೆಯುವ ಹೊತ್ತಿನಲ್ಲಿ ಕೋರ್ಟಿಗೆ ಅಲೆಯುವುದೇ ದೊಡ್ಡ ಶಿಕ್ಷೆ. ಅಮೆರಿಕದಲ್ಲಿ 2016ರಲ್ಲಿ ಒಂದು ಕಾಯ್ದೆ ಮಾಡಿದರು. ಗಿರಾಕಿ ಕೊಂಡ ಮಾಲಿನ ಬಗ್ಗೆ ಅಭಿಪ್ರಾಯ ಹೇಳಬಾರದು ಅಂತ ವ್ಯಾಪಾರಿ ತನ್ನ ಅಚ್ಚಿನ ಕರಾರಿನಲ್ಲಿ ಸೇರಿಸಿದ್ದರೆ ಆ ಷರತ್ತು ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲೂ ಅಂಥದ್ದು ಬೇಕು. ಬರೀ ಬೆದರಿಸಲು ಹಾಕುವ ಕೇಸನ್ನು ಮೊದಲ ದಿನವೇ ತಳ್ಳಿಹಾಕುವ ದಾರಿಯೂ ಬೇಕು ಎಂಬುದು ನನ್ನ ವಾದ.

ಇನ್ನೊಂದು ಮಾತು. ಮಳೆ ಕೈಕೊಟ್ಟ ವರ್ಷ ಬೀಜವನ್ನು ಬೈಯುವ ಚಟವೂ ನಮ್ಮಲ್ಲಿದೆ. ಅದು ತಪ್ಪು. ‘ಕಳ್ಳ, ಮೋಸಗಾರ’ ಅಂತೆಲ್ಲ ಬರೆಯಬೇಡಿ. ಲಾಟ್ ನಂಬರು, ಬಿತ್ತಿದ ದಿನ, ಎಷ್ಟು ಹುಟ್ಟಿತು, ಇಷ್ಟು ಸಾಕು. ಬಿಲ್ಲು, ಖಾಲಿ ಚೀಲ, ಅದರ ಚೀಟಿ, ಹಿಡಿಯಷ್ಟು ಬೀಜ ಎತ್ತಿಡಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯಾದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ನನ್ನ ಬಿಲ್ಲು ಗೋಡೆಯ ಗೂಡಿನಲ್ಲೇ ಇತ್ತು. ದೂರು ಬರೆದಿದ್ದೇನೆ. ಅಳಿಸಿದ ಫೋಟೋವನ್ನು ಮೊನ್ನೆ ಮತ್ತೆ ಹಾಕಿದೆ, ಈ ಸಲ ಲಾಟ್ ನಂಬರಿನ ಜೊತೆ.