ದೋಣಿ ಇಟ್ಟವರ ಹೊಣೆ

ತೋಟದಂಚಿನ ಹೊಳೆಗೆ ದೋಣಿ ಇಳಿಸಿ ನೆಂಟರನ್ನು, ಹೋಂಸ್ಟೇ ಅತಿಥಿಗಳನ್ನು ಸುತ್ತಾಡಿಸುವ ಕೃಷಿಕರಿದ್ದಾರೆ. ಒಳ್ಳೇದೇ. ಆದರೆ ಪಂಪ್‌ಸೆಟ್ಟಿಗೆ ಕೊಡುವಷ್ಟು ಗಮನ ದೋಣಿಗೆ ಕೊಡ್ತೇವಾ?

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ನಮ್ಮ ಹೊಳೆ ಸಮುದ್ರವಲ್ಲ, ನಿಜ. ಮುಳುಗಲು ಎರಡಾಳು ನೀರು ಸಾಕು.

ಮರದ ದೋಣಿಯನ್ನು ವರ್ಷಕ್ಕೊಮ್ಮೆ ದಡಕ್ಕೆಳೆದು ನೆರಳಲ್ಲಿ ಬೋರಲು ಹಾಕಿ. ಸಂದು ನೋಡಿ, ಒಣಗಿದ ಮೇಲೆ ಗೇರುಸಿಪ್ಪೆ ಎಣ್ಣೆ ಬಳಿಯಿರಿ. ಫೈಬರಿನದ್ದಾದರೆ ಬಿರುಕು ಸಣ್ಣದಿರುವಾಗಲೇ ಮುಚ್ಚಿಸಿ. ಲೈಫ್ ಜಾಕೆಟ್‌ಗೆ ಇಲಿ, ಬಿಸಿಲು ತಾಗದಿರಲಿ. ಹತ್ತುವ ಮೊದಲೇ ತೊಡಿಸಿ. ಜಾಕೆಟ್ ಬೇಡ ಎಂದವರನ್ನೂ, ಹೆಚ್ಚಾದವರನ್ನೂ ದಡದಲ್ಲೇ ನಿಲ್ಲಿಸಿ. ಬೇಸರಿಸಿಯಾರು. ಆ ಬೇಸರ ಸಂಜೆಯ ಕಾಫಿಗೆ ಹೋಗ್ತದೆ.